ಓದು ಸಿಕ್ಕಿಕೊಂಡ ಜಾಗ

ಹೋದ ತಿಂಗಳು ಗದಗದಿಂದ ಮುಂಡರಗಿಗೆ ಹೋಗುವ ಬಸ್ಸಿನಲ್ಲಿ ಕೂತಿದ್ದೆ. ರಸ್ತೆಯ ಒಂದು ಮಗ್ಗುಲಿಗೆ ಹೆಸರುಕಾಯಿ ಒಣಹಾಕಿದ್ದರು. ಹಿಂದಿನ ದಿನ ಮಳೆ ಬಿದ್ದು ಕಾಯಿ ನೆನೆದಿತ್ತು. ಬಸ್ಸಿನ ಗಾಲಿ ಅದರ ಅಂಚಿನ ಮೇಲೆ ಹಾಯ್ದಾಗ ಕಿಟಕಿಯಿಂದ ಹಸಿ ಹೊಟ್ಟಿನ ಮುಗ್ಗಲು ವಾಸನೆ ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದಳು. ನಾನು ಮಾತ್ರ ಕಿಟಕಿಯ ಕಡೆಗೇ ತಿರುಗಿ ಕೂತೆ. ಆರು ವರ್ಷದ ಹಿಂದಿನ ಶ್ರಾವಣ ಇದೇ ವಾಸನೆಯಲ್ಲಿ ಕಳೆದಿತ್ತು.

ಆಗ ನನಗೆ ಮೂವತ್ತೊಂದು. ಊರು ಬೆಟಗೇರಿ. ನಮ್ಮದು ಮೂರು ತಲೆಮಾರಿನಿಂದ ಕ್ರೈಸ್ತರ ಮನೆ. ಅಪ್ಪ ಮಗ್ಗದ ಕೆಲಸ ಮಾಡುತ್ತಿದ್ದರು. ಬೆಳಿಗ್ಗೆ ಮಗ್ಗಕ್ಕೆ ಕೂಡುವ ಮೊದಲು ಕುಟುಂಬ ಪ್ರಾರ್ಥನೆ, ಒಂದು ಅಧ್ಯಾಯ ಬೈಬಲ್. ಆಮೇಲೆ ಚಹಾ. ಚಿಕ್ಕವಳಿದ್ದಾಗ ಆ ಅಧ್ಯಾಯ ಯಾವಾಗ ಮುಗಿಯುತ್ತದೋ ಎಂದು ಚಹಾದ ಪಾತ್ರೆಯ ಕಡೆ ನೋಡುತ್ತಿದ್ದೆ. ನರ್ಸಿಂಗ್ ಓದಿ ಮುಂಡರಗಿಯ ಒಂದು ಸಣ್ಣ ಖಾಸಗಿ ಆಸ್ಪತ್ರೆಗೆ ಕೆಲಸಕ್ಕೆ ಸೇರಿದ ಮೇಲೆ ಆ ರೂಢಿಯೂ ಬಿಟ್ಟುಹೋಯಿತು. ಆ ಆಸ್ಪತ್ರೆ ಈಗಿಲ್ಲ, ಹೆಸರು ಹೇಳುವ ಅಗತ್ಯವೂ ಇಲ್ಲ. ಹತ್ತು ಹಾಸಿಗೆ, ಒಬ್ಬ ಡಾಕ್ಟರು, ಮೂವರು ನರ್ಸು, ಒಬ್ಬ ಆಯಾ. ಭಾನುವಾರ ರಜೆ ಸಿಕ್ಕರೆ ಬೆಟಗೇರಿಗೆ ಹೋಗಿ ಚರ್ಚಿನಲ್ಲಿ ಕೂತು ಬರುತ್ತಿದ್ದೆ. ಅಷ್ಟೇ ನನ್ನ ಭಕ್ತಿ. ಬೈಬಲ್ಲು ಟ್ರಂಕಿನ ತಳದಲ್ಲಿ, ಉಡದ ಸೀರೆಗಳ ಕೆಳಗೆ ಇತ್ತು.

ಆಯಾಳ ಹೆಸರು ಹುಸೇನಬಿ. ಐವತ್ತರ ಆಸುಪಾಸಿನ ಹೆಂಗಸು, ಡಂಬಳದವಳು. ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದಳು. ಓದು ಬರಹ ಬಾರದು. ಆದರೆ ಯಾವ ಹಾಸಿಗೆಯವರಿಗೆ ಎಷ್ಟು ಹೊತ್ತಿಗೆ ಏನು ಕೊಡಬೇಕು ಎಂಬುದು ನಮಗಿಂತ ಮೊದಲು ಅವಳಿಗೆ ನೆನಪಾಗುತ್ತಿತ್ತು. ಮಧ್ಯಾಹ್ನ ಊಟದ ಮೇಲೆ ನಾವಿಬ್ಬರೂ ಹಿಂದಿನ ಕಟ್ಟೆಯ ಮೇಲೆ ಕೂತು ಒಂದೇ ಚಹಾ ತರಿಸಿ ಅರ್ಧರ್ಧ ಕುಡಿಯುತ್ತಿದ್ದೆವು.

ಆ ವರ್ಷ ಮಳೆ ಬಿಟ್ಟು ಬಿಟ್ಟು ಬಂತು. ಹೆಸರು ಕಟಾವಿನ ಹೊತ್ತಿಗೆ ಮನೆಮನೆಯಲ್ಲೂ ಜ್ವರ. ಹತ್ತು ಹಾಸಿಗೆಗೆ ಇಪ್ಪತ್ತು ಮಂದಿ. ಒಂದು ಮಧ್ಯಾಹ್ನ ಕಾವ್ಯಾ ಎಂಬ ಒಂಬತ್ತು ವರ್ಷದ ಹುಡುಗಿಯ ರಕ್ತವನ್ನೂ ಅರವತ್ತು ದಾಟಿದ ಒಬ್ಬ ಅಜ್ಜನ ರಕ್ತವನ್ನೂ ಒಂದರ ಹಿಂದೊಂದು ತೆಗೆದೆ. ಟ್ಯೂಬಿನ ಮೇಲೆ ಕೂಡಲೇ ಹೆಸರಿನ ಚೀಟಿ ಹಚ್ಚಬೇಕು. ಅಷ್ಟರಲ್ಲಿ ಮೂರನೆಯ ಹಾಸಿಗೆಯವರು ವಾಂತಿ ಮಾಡಿಕೊಂಡರು, ಓಡಿದೆ. ತಿರುಗಿ ಬಂದಾಗ ತಟ್ಟೆಯಲ್ಲಿ ಎರಡು ಟ್ಯೂಬು, ಎರಡಕ್ಕೂ ಹೆಸರಿಲ್ಲ. ಎಡಗಡೆಯದು ಹುಡುಗಿಯದು ಎಂದುಕೊಂಡೆ. ಖಾತ್ರಿ ಇರಲಿಲ್ಲ. ಮತ್ತೊಮ್ಮೆ ಸೂಜಿ ಚುಚ್ಚಬೇಕಾಗಿತ್ತು, ಆದರೆ ಹುಡುಗಿ ಮೊದಲ ಸಲವೇ ಬಹಳ ಅತ್ತಿದ್ದಳು. ಚೀಟಿ ಬರೆದು ಹಚ್ಚಿ ಹುಸೇನಬಿಯ ಕೈಗೆ ಕೊಟ್ಟೆ. ಅವಳು ತಟ್ಟೆಗೆ ಸೆರಗು ಮುಚ್ಚಿಕೊಂಡು ಜಿಟಿಜಿಟಿ ಮಳೆಯಲ್ಲಿ, ಎರಡು ಅಂಗಡಿ ಆಚೆಗಿದ್ದ ಲ್ಯಾಬಿಗೆ ಒಯ್ದು ಕೊಟ್ಟಳು.

ಅಜ್ಜನ ಪ್ಲೇಟ್‌ಲೆಟ್ ಬಹಳ ಇಳಿದಿವೆ ಎಂದು ವರದಿ ಬಂತು. ಅವರನ್ನು ಗದಗಕ್ಕೆ ಕಳಿಸಿದರು. ಹುಡುಗಿಯ ವರದಿ ಚೆನ್ನಾಗಿತ್ತು, ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. ಮರುದಿನ ಸಂಜೆ ಕಾವ್ಯಾಳನ್ನು ಅವಳ ಅಪ್ಪ ಹೊತ್ತುಕೊಂಡು ಬಂದ. ಒಸಡಿನಿಂದ ರಕ್ತ ಬರುತ್ತಿತ್ತು. ಅದೇ ಹೊತ್ತಿಗೆ ಗದಗದಿಂದ ಫೋನು ಬಂತು, ಅಜ್ಜನ ರಕ್ತದಲ್ಲಿ ಯಾವ ತೊಂದರೆಯೂ ಇಲ್ಲ ಎಂದು.

ಹುಡುಗಿಯನ್ನು ಅಂಬುಲೆನ್ಸಿನಲ್ಲಿ ಗದಗಕ್ಕೆ ಒಯ್ದರು. ನಾಲ್ಕು ದಿನ ಅಲ್ಲಿದ್ದು ಬದುಕಿದಳು. ಆದರೆ ಆ ಸಂಜೆ ಅವಳು ಬದುಕುತ್ತಾಳೆಂದು ಯಾರಿಗೂ ಗೊತ್ತಿರಲಿಲ್ಲ. ಡಾಕ್ಟರು ಪಡಸಾಲೆಯಲ್ಲಿ, ಹುಡುಗಿಯ ಚಿಕ್ಕಪ್ಪಂದಿರು, ರೋಗಿಗಳು, ಎಲ್ಲರ ಮುಂದೆ ನನ್ನನ್ನು ಕರೆದರು.

“ಕರುಣಾ, ಚೀಟಿ ಹಚ್ಚಿದಾಕಿ ನೀನೇನು?”

“ಹೌದು ಸರ್.”

“ಹೆಸರು ನೋಡಿ ಸರಿಯಾಗಿ ಹಚ್ಚೀಯೇನು?”

“ಹೌದು ಸರ್.”

ಎರಡನೆಯ ಸಲ ಆ ಎರಡು ಪದ ಬಾಯಿಂದ ಎಷ್ಟು ಸುಲಭವಾಗಿ ಬಂದವೆಂದರೆ ನನಗೇ ಆಶ್ಚರ್ಯವಾಯಿತು. ಡಾಕ್ಟರು ಹುಸೇನಬಿಯ ಕಡೆ ತಿರುಗಿದರು. “ಮಳ್ಯಾಗ ಚೀಟಿ ಕಿತ್ತು ಬಿದ್ದಿರಬೇಕು. ಇಕಿ ತನಗ ತಿಳಿದಂಗ ಹಚ್ಚ್ಯಾಳ.”

“ಇಲ್ಲರೀ ಸಾಹೇಬ್ರ, ಒಂದು ಚೀಟೀನೂ ಬಿದ್ದಿಲ್ರಿ” ಎಂದಳು ಹುಸೇನಬಿ. ಒಮ್ಮೆ ನನ್ನ ಮುಖ ನೋಡಿದಳು. ನಾನು ಕೆಳಗೆ ನೋಡಿದೆ. ಕಾವ್ಯಾಳ ಅಪ್ಪ ಅಂಬುಲೆನ್ಸ್ ಹತ್ತುವ ಮೊದಲು ಒಳಗೆ ಬಂದು ಅವಳಿಗೆ ಆಡಬಾರದ ಮಾತು ಆಡಿದ. ಅವಳು ಸೆರಗು ಹೊದ್ದುಕೊಂಡು ಬಸ್‌ ಸ್ಟ್ಯಾಂಡಿನ ಕಡೆ ನಡೆದಳು. ಮರುದಿನದಿಂದ ಕೆಲಸಕ್ಕೆ ಬರಬೇಡ ಎಂದು ಡಾಕ್ಟರು ಹೇಳಿದ್ದರು.

ಆಮೇಲೆ ನಾನು ಪ್ರತಿ ಚೀಟಿಯನ್ನು ಮೂರು ಮೂರು ಸಲ ನೋಡುವವಳಾದೆ. ಎಲ್ಲರೂ ನನ್ನನ್ನು ಹೊಗಳಿದರು. ಹುಡುಗಿ ಬದುಕಿದಳಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅನ್ನ ತಟ್ಟೆಯಲ್ಲೇ ಉಳಿಯುತ್ತಿತ್ತು. ಕೂತಲ್ಲಿ ಕೂಡಲಾಗದೆ ಡ್ಯೂಟಿ ಮುಗಿದ ಮೇಲೂ ವಾರ್ಡಿನಲ್ಲಿ ಸುಮ್ಮನೆ ಅಡ್ಡಾಡುತ್ತಿದ್ದೆ. ಊರ ಹೊರಗಿನ ರಸ್ತೆಯಲ್ಲಿ ಒಣಹಾಕಿದ ಹೆಸರುಕಾಯಿಯ ಪಕ್ಕದಲ್ಲಿ ದೂರದವರೆಗೆ ನಡೆದು, ಏಕೆ ಬಂದೆನೆಂದು ತಿಳಿಯದೆ ತಿರುಗಿ ಬರುತ್ತಿದ್ದೆ.

ನಾನು ಬಾಡಿಗೆಗಿದ್ದದ್ದು ನೀಲವ್ವ ಎಂಬ ಲಿಂಗಾಯತ ಹೆಂಗಸಿನ ಮನೆಯಲ್ಲಿ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದಳು. ನನ್ನ ಕೋಣೆಗೂ ಅವಳ ದೇವರ ಕೋಣೆಗೂ ನಡುವೆ ಒಂದು ತೆಳು ಗೋಡೆ. ನಸುಕಿನಲ್ಲಿ ಎದ್ದು ಜಳಕ ಮಾಡಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತರೆ ಅವಳ ಮಣಮಣ ದನಿ ನನಗೆ ಕೇಳುತ್ತಿತ್ತು. ಅದು ಮುಗಿದ ಮೇಲೆ ರೊಟ್ಟಿ ಬಡಿಯುವ ಸಪ್ಪಳ. ಒಂದು ಬೆಳಿಗ್ಗೆ ನಾನು ಬಾಗಿಲಲ್ಲಿ ಸುಮ್ಮನೆ ನಿಂತಿದ್ದನ್ನು ನೋಡಿ ಕೇಳಿದಳು.

“ಯವ್ವಾ, ನಿಮ್ಮ ದೇವರಿಗೆ ಒಂದು ಹೊತ್ತು ಅಂತ ಇಲ್ಲೇನು?”

“ಐತಿ ಅತ್ತಿ. ನಮ್ಮ ಮನ್ಯಾಗ ದಿನಾ ಮುಂಜಾನೆ ಓದ್ತಾರ.”

“ಮನ್ಯಾಗಿನ ಮಾತಲ್ಲ. ನಿಂದು ಕೇಳಾಕತ್ತೀನಿ. ಬಂದು ಎರಡು ವರ್ಷಾತು, ಗ್ವಾಡಿ ಆಚಿಂದ ಒಂದು ದಿನ ಒಂದು ಶಬ್ದ ಕೇಳಿಲ್ಲ.”

ಆ ಮಾತು ಚುರುಕ್ಕೆಂದಿತು. ಮರುದಿನ ಟ್ರಂಕಿನಿಂದ ಬೈಬಲ್ ತೆಗೆದು ಗಟ್ಟಿಯಾಗಿ ಓದಿದೆ. ದೇವರಿಗಾಗಿ ಓದಿದೆ ಎಂದು ಹೇಳಿದರೆ ಸುಳ್ಳು. ಗೋಡೆ ಆಚೆಯವಳಿಗೆ ಕೇಳಲಿ ಎಂದು ಓದಿದೆ. ಮೂರನೆಯ ದಿನಕ್ಕೆ ಅದು ರೂಢಿಯಾಯಿತು. ಆ ಹೊತ್ತಿನಲ್ಲಾದರೂ ತಲೆಯೊಳಗಿನ ಗದ್ದಲ ನಿಂತೀತೆಂಬ ಆಸೆಯೂ ಇತ್ತು. ಆದರೆ ನಡೆದದ್ದು ಬೇರೆ. ಸಮಾಧಾನಕ್ಕೆಂದು ಬೈಬಲ್ಲಿನ ಕೀರ್ತನೆಗಳ ಭಾಗ ತೆಗೆದರೆ, ತನ್ನ ತಪ್ಪನ್ನು ಮುಚ್ಚಿಟ್ಟುಕೊಂಡು ಎಲುಬೆಲ್ಲ ಸವೆದುಹೋದವನ ಗೋಳು. ಅದನ್ನು ಬಿಟ್ಟು ಪ್ರವಾದಿಗಳ ಪುಸ್ತಕದ ಕಡೆ ಹೋದರೆ, ದೇವರು ಹೇಳಿದ ಊರಿಗೆ ಹೋಗದೆ ಹಡಗು ಹತ್ತಿ ಓಡಿಹೋದವನ ಕತೆ. ಬಿರುಗಾಳಿ ಎದ್ದಿದೆ, ಹಡಗಿನ ಜನ ಒದ್ದಾಡುತ್ತಿದ್ದಾರೆ, ಅವನು ಕೆಳಗೆ ಮಲಗಿದ್ದಾನೆ. ಅಲ್ಲಿಗೆ ಪುಸ್ತಕ ಮುಚ್ಚಿದೆ. ಎರಡು ದಿನ ಮುಟ್ಟಲಿಲ್ಲ.

ಮೂರನೆಯ ದಿನ ನೀಲವ್ವ ರೊಟ್ಟಿಯ ಹಿಟ್ಟು ನಾದುತ್ತ ಕರೆದಳು. “ತಂಗಿ, ಆ ಹಡಗಿನ್ಯಾಗ ಮಲಗಿದ್ನಲ್ಲ, ಮುಂದೇನಾತು ಅವಂದು?”

“ಸಮುದ್ರಕ್ಕ ಒಗದ್ರು ಅತ್ತಿ. ದೊಡ್ಡ ಮೀನು ನುಂಗ್ತು.”

“ಸತ್ತನು?”

“ಇಲ್ಲ. ಮೀನು ಕಾರಿತು. ದಂಡಿಗೆ ಬಂದ. ದೇವರು ಮತ್ತ ಅದಾ ಊರಿಗೆ ಹೋಗು ಅಂದ.”

ನೀಲವ್ವ ನಾದುವುದನ್ನು ನಿಲ್ಲಿಸಿದಳು. “ಅದಾ ಊರಿಗೆ? ಹಂಗಾರ ಅಷ್ಟು ದೂರ ಓಡಿ ಏನು ಉಪಯೋಗಾತು?”

ನಾನು ಡ್ಯೂಟಿಗೆ ಹೊತ್ತಾಯಿತೆಂದು ಹೊರಟುಬಿಟ್ಟೆ.

ಬೆಟಗೇರಿಯಲ್ಲಿ ರತ್ನಮ್ಮ ಟೀಚರ್ ಎಂಬವರಿದ್ದರು. ನಿವೃತ್ತರಾದ ಮೇಲೆ ಭಾನುವಾರ ಮಧ್ಯಾಹ್ನ ತಮ್ಮ ಮನೆಯಲ್ಲಿ ಐದಾರು ಹೆಂಗಸರನ್ನು ಕೂಡಿಸಿ ಬೈಬಲ್ ಅಧ್ಯಯನ ನಡೆಸುತ್ತಿದ್ದರು. ಅವ್ವನ ಒತ್ತಾಯಕ್ಕೆ ನಾನೂ ಹೋಗತೊಡಗಿದೆ. ಟೀಚರದು ಒಂದೇ ಪದ್ಧತಿ. “ದಿನಕ್ಕ ಹತ್ತು ಅಧ್ಯಾಯ ಓದಿದೆ ಅಂತ ನನ್ನ ಮುಂದ ಹೇಳಬ್ಯಾಡ್ರಿ. ಓದ್ತಾ ಓದ್ತಾ ಎಲ್ಲಿ ಸಿಕ್ಕೊಂತೀರಿ, ಅಲ್ಲೇ ನಿಲ್ರಿ. ದಾಟಿ ಹೋಗಬ್ಯಾಡ್ರಿ.” ನಾನು ಆ ತಿಂಗಳು ಮಾಡಿದ್ದೆಲ್ಲ ದಾಟಿ ಹೋಗುವ ಕೆಲಸವೇ.

ಆ ಭಾನುವಾರ ಬೆಟ್ಟದ ಮೇಲಿನ ಉಪದೇಶದ ಭಾಗ ಓದುತ್ತಿದ್ದೆವು. ಕಾಣಿಕೆ ತೆಗೆದುಕೊಂಡು ದೇವರ ಮುಂದೆ ಬಂದವನಿಗೆ ತನ್ನ ಸಹೋದರನ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನೊಂದಿಗೆ ಸರಿಮಾಡಿಕೊಂಡು ಬರಬೇಕು ಎನ್ನುವ ಮಾತು. ಒಬ್ಬಳು ನಾದಿನಿಯ ಜಗಳ ಹೇಳಿದಳು, ಒಬ್ಬಳು ಗೋಡೆಯ ತಂಟೆ ಹೇಳಿದಳು. ಸರದಿ ನನ್ನ ಹತ್ತಿರ ಬಂತು.

“ನನಗ ಯಾರ ಮ್ಯಾಲೂ ಸಿಟ್ಟಿಲ್ಲ ಟೀಚರ್” ಎಂದೆ.

ಟೀಚರ್ ಕನ್ನಡಕದ ಮೇಲಿಂದ ನೋಡಿದರು. “ನಿನಗ ಯಾರ ಮ್ಯಾಲ ಸಿಟ್ಟೈತಿ ಅಂತ ಇಲ್ಲಿ ಕೇಳಿಲ್ಲವಾ. ನಿನ್ನ ಮ್ಯಾಲ ಯಾರಿಗರ ಏನರ ಐತೇನು ಅಂತ ಕೇಳೈತಿ. ಮತ್ತೊಮ್ಮೆ ಓದು.”

ಓದಿದೆ. ಹೌದು, ಹಾಗೆಯೇ ಇತ್ತು. ಚಿಕ್ಕಂದಿನಿಂದ ಎಷ್ಟೋ ಸಲ ಕೇಳಿದ್ದ ಭಾಗವನ್ನು ನಾನು ಉಲ್ಟಾ ಓದುತ್ತ ಬಂದಿದ್ದೆ. ಪುಸ್ತಕ ಮುಚ್ಚಿದೆ. ಎಲ್ಲರೂ ಪ್ರಾರ್ಥನೆಗೆ ತಲೆ ಬಾಗಿಸಿದಾಗ ನಾನು ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದೆ.

ಮುಂಡರಗಿಯ ಬಸ್ಸು ಡಂಬಳದಲ್ಲಿ ನಿಲ್ಲುತ್ತದೆ. ಆ ಎರಡು ತಿಂಗಳೂ ಡಂಬಳ ಬಂದಾಗ ನಾನು ಕಣ್ಣು ಮುಚ್ಚಿ ನಿದ್ದೆಯ ಸೋಗು ಹಾಕುತ್ತಿದ್ದೆ. ಆ ದಿನವೂ ಮುಚ್ಚಿದೆ. ಜನ ಇಳಿದರು, ಹತ್ತಿದರು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹತ್ತು ಮಾರು ಹೋದ ಮೇಲೆ ಎದ್ದು ನಿಂತು ನಿಲ್ಲಿಸ್ರಿ ಎಂದೆ. “ಇಷ್ಟೊತ್ತು ಮಲಗಿದ್ರೇನ್ರಿ ಅಕ್ಕಾರ?” ಎಂದು ಗೊಣಗುತ್ತ ಅವನು ಬಾಗಿಲು ತೆರೆದ.

ಕೆರೆಯ ಕಡೆಯ ಓಣಿಯಲ್ಲಿ ಹುಸೇನಬಿಯ ಮನೆ. ಕೆರೆಗೆ ಹೊಸ ನೀರು ಬಂದಿತ್ತು. ಅವಳು ಅಂಗಳದಲ್ಲಿ ಮೆಣಸಿನಕಾಯಿ ಆರಿಸುತ್ತಿದ್ದಳು. ನನ್ನನ್ನು ನೋಡಿ ಏಳಲಿಲ್ಲ. “ಬರ್ರಿ ಸಿಸ್ಟರ್, ಕುಂಡ್ರಿ” ಎಂದಳು. ನಾನು ಕೂಡಲಿಲ್ಲ. ದಾರಿಯಲ್ಲಿ ಕಟ್ಟಿಕೊಂಡು ಬಂದ ಮಾತೆಲ್ಲ ಮರೆತು, “ಚೀಟಿ ತಪ್ಪು ಹಚ್ಚಿದಾಕಿ ನಾನಾ, ಹುಸೇನಬಿ ಅಕ್ಕ” ಎಂದಷ್ಟೇ ಅಂದೆ.

ಅವಳು ಒಂದು ಕೊಳೆತ ಕಾಯಿ ತೆಗೆದು ಪಕ್ಕಕ್ಕೆ ಒಗೆದಳು. “ಗೊತ್ತೈತ್ರಿ.”

“ಗೊತ್ತಿತ್ತಾ?”

“ನಾ ಒಯ್ಯೂ ಮುಂದ ಚೀಟಿ ಗಟ್ಟಿಯಾಗಿ ಅಂಟಿದ್ದೂ. ನಾ ಮುಟ್ಟಿಲ್ಲ ಅಂದ ಮ್ಯಾಲ ಮತ್ತ್ಯಾರು ಮುಟ್ಟಿರ್ತಾರ? ಅವತ್ತ ಸಾಹೇಬ್ರು ಕೇಳಿದಾಗ ನಿಮ್ಮ ಮಾರಿ ನೋಡಿದ್ನಿ. ನೀವು ನೆಲಾ ನೋಡಿದ್ರಿ.”

ನನಗೆ ಅಳು ಬಂತು. ಅವಳು ಅಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮೆಲ್ಲಗೆ ತನ್ನದನ್ನು ಹೇಳಿದಳು. ಡಂಬಳದಲ್ಲಿ ಮೂವತ್ತು ವರ್ಷದಿಂದ ಯಾವ ಮನೆಯಲ್ಲಿ ಹೆರಿಗೆಯಾದರೂ ಬಾಣಂತಿಗೆ ಎರೆಯಲು, ಕೂಸಿಗೆ ನೀರು ಹಾಕಲು ಅವಳನ್ನೇ ಕರೆಯುತ್ತಿದ್ದರು. ಜಾತಿ ಕೇಳುತ್ತಿರಲಿಲ್ಲ. ಮುಂಡರಗಿಯ ಸುದ್ದಿ ಊರಿಗೆ ಬಂದ ಮೇಲೆ ಒಬ್ಬರೂ ಕರೆದಿರಲಿಲ್ಲ. ಪಕ್ಕದ ಮನೆಯ ಸೊಸೆ ಹಡೆದು ಹದಿನೈದು ದಿನವಾಗಿತ್ತು. ಎರೆಯಲು ಬೇರೆ ಊರಿನಿಂದ ಯಾರೋ ಬರುತ್ತಿದ್ದರು. “ಗ್ವಾಡಿ ಆಚೆ ಕೂಸು ಅಳೂದು ಕೇಳ್ತೈತ್ರಿ. ನಾ ಇಲ್ಲಿ ಕಾಯಿ ಆರಿಸ್ಕೋತ ಕುಂತೀನಿ” ಎಂದಳು.

“ನನ್ನ ಕ್ಷಮಿಸು ಅಕ್ಕ” ಎಂದೆ.

“ಇಲ್ಲಿ, ನನ್ನ ಅಂಗಳದಾಗ ಹೇಳಿದ್ರ ಯಾರಿಗೆ ಕೇಳ್ತೈತ್ರಿ ಸಿಸ್ಟರ್? ಮಂದಿ ಮುಂದ ಹಚ್ಚಿದ್ದನ್ನ ಮಂದಿ ಮುಂದ ಅಳಸಬೇಕು.”

ಅದಕ್ಕೆ ನಾನು ತಯಾರಾಗಿ ಬಂದಿರಲಿಲ್ಲ. ಅವಳ ಮುಂದೆ ಅತ್ತು, ಹಗುರಾಗಿ ಮುಂದಿನ ಬಸ್ಸು ಹಿಡಿಯುವುದು ನನ್ನ ಲೆಕ್ಕವಾಗಿತ್ತು. ಮರುದಿನ ಬೆಳಿಗ್ಗೆ ಬೈಬಲ್ ತೆರೆಯಲಿಲ್ಲ. ಮೊಣಕಾಲೂರಿ ಕೂತು, ಇದೊಂದನ್ನು ಬಿಟ್ಟು ಬೇರೆ ಏನಾದರೂ ಹೇಳು, ಮಾಡುತ್ತೇನೆ ಎಂದು ದೇವರೊಡನೆ ಚೌಕಾಸಿ ಮಾಡಿದೆ. ಮದುವೆ ಬೇಡ ಎಂದರೆ ಬೇಡ, ಜೀವಮಾನವಿಡೀ ಸೇವೆ ಮಾಡು ಎಂದರೆ ಮಾಡುತ್ತೇನೆ. ಆ ಕಡೆಯಿಂದ ಏನೂ ಬರಲಿಲ್ಲ. ಹೇಳಬೇಕಾದ್ದನ್ನು ಮೊದಲೇ ಹೇಳಿಯಾಗಿತ್ತು, ಅದೂ ಅಚ್ಚಾಗಿ ನನ್ನ ಮುಂದೆಯೇ ಇತ್ತು. ಹೀಗೆ ಮೂರು ದಿನ ಕಳೆದವು. ನಾಲ್ಕನೆಯ ದಿನ ಡಾಕ್ಟರ ಕೋಣೆಗೆ ಹೋಗಿ ಎಲ್ಲ ಹೇಳಿದೆ.

ಅವರು ಕೆಟ್ಟ ಮನುಷ್ಯರಲ್ಲ. ಎದ್ದು ಬಾಗಿಲು ಮುಚ್ಚಿ ಬಂದರು. “ಹುಡುಗಿ ಆರಾಮದಾಳ. ಈಗ ಯಾಕ ಇದನ್ನ ಕೆದರಬೇಕು? ಹುಸೇನಬಿಗೆ ಬೇಕಾದ್ರ ನಾಳಿಂದ ಕೆಲಸಕ್ಕ ಬಾ ಅಂತ ಹೇಳ್ತೀನಿ. ನೀ ಸುಮ್ಮನಿರು. ಆಸ್ಪತ್ರಿ ಹೆಸರು ನೋಡಬೇಕಲ್ಲ.”

ಆ ಮಾತು ಎಷ್ಟು ಹಿತವಾಗಿತ್ತೆಂದರೆ ಹೂಂ ಅನ್ನಲು ನಾಲಗೆ ತಯಾರಾಗಿತ್ತು. ಆದರೂ, “ಇಲ್ಲ ಸರ್, ಅವತ್ತ ಯಾರ್ಯಾರು ಇದ್ರೋ ಅವರ ಮುಂದ ಹೇಳಬೇಕು” ಎಂದೆ.

“ಹೇಳಿದ್ರ ನಿನ್ನ ಇಟ್ಕೊಳ್ಳಾಕ ಆಗಂಗಿಲ್ಲ.”

“ಗೊತ್ತೈತಿ ಸರ್.”

ಶನಿವಾರ ಪಡಸಾಲೆಯಲ್ಲಿ ಹೇಳಿದೆ. ಕಾವ್ಯಾಳ ಅಪ್ಪನನ್ನೂ ಹುಸೇನಬಿಯನ್ನೂ ಕರೆಸಿದ್ದೆ. ಅವನು ಮಗಳನ್ನೂ ಕರೆದುಕೊಂಡು ಬಂದಿದ್ದ. ಅವಳು ತೆಳ್ಳಗಾಗಿದ್ದಳು, ಎರಡು ಜಡೆ ಹಾಕಿದ್ದರು. ಹುಸೇನಬಿ ಬಾಗಿಲ ಹತ್ತಿರ ನಿಂತಿದ್ದಳು. ನಾನು ಮಾತಾಡಿದ್ದು ಐದು ನಿಮಿಷವೂ ಇರಲಿಕ್ಕಿಲ್ಲ. ಟ್ಯೂಬು, ಚೀಟಿ, ಮತ್ತೊಮ್ಮೆ ರಕ್ತ ತೆಗೆಯದೆ ಅಂದಾಜಿನ ಮೇಲೆ ಹೆಸರು ಬರೆದದ್ದು, ಡಾಕ್ಟರು ಕೇಳಿದಾಗ ಸುಳ್ಳು ಹೇಳಿದ್ದು. ಕಾವ್ಯಾಳ ಅಪ್ಪ ನನ್ನ ಕಡೆ ಬರುತ್ತಾನೆಂದು ಕಾದೆ. ಅವನು ನೇರ ಬಾಗಿಲ ಹತ್ತಿರ ಹೋಗಿ ಹುಸೇನಬಿಗೆ ಕೈ ಮುಗಿದ. “ಅವತ್ತ ನಿನಗ ಏನೇನೋ ಅಂದೆ ಯಕ್ಕಾ” ಎಂದ. ಆಮೇಲೆ ನನ್ನ ಕಡೆ ತಿರುಗಿ, “ನಿಮಗ ಏನನ್ನಬೇಕೋ ನನಗ ತಿಳೀವಲ್ದು” ಎಂದು ಮಗಳ ಕೈ ಹಿಡಿದು ಹೊರಟುಹೋದ. ಆ ಮಾತು ಇವತ್ತಿಗೂ ನನ್ನೊಳಗಿದೆ. ಅದಕ್ಕಿಂತ ಹೆಚ್ಚಿನದಕ್ಕೆ ನಾನು ಅರ್ಹಳಾಗಿರಲಿಲ್ಲ.

ಕೆಲಸಕ್ಕೆ ಮರಳಿ ಬಾ ಎಂದು ಡಾಕ್ಟರು ಹುಸೇನಬಿಗೆ ಹೇಳಿದರು. “ಬ್ಯಾಡ್ರಿ ಸಾಹೇಬ್ರ, ನಾ ಕೆಲಸ ಕೇಳಾಕ ಬಂದಿದ್ದಿಲ್ಲ” ಎಂದು ಅವಳು ಬಸ್ಸಿಗೆ ನಡೆದಳು. ನನ್ನ ಕಡೆ ನೋಡಲಿಲ್ಲ.

ಸಾಮಾನು ಕಟ್ಟುತ್ತಿದ್ದಾಗ ನೀಲವ್ವ ಹೊಸ್ತಿಲಲ್ಲಿ ಕೂತು ಎಲ್ಲ ಕೇಳಿದಳು. “ಅಂದ್ರ, ದಿನಾ ಓದಿ ಓದಿ ಇದ್ದ ಕೆಲಸ ಕಳ್ಕೊಂಡಿ ಅನ್ನು” ಎಂದಳು. ನಗು ಬಂತು ನನಗೆ, ಎರಡು ತಿಂಗಳಲ್ಲಿ ಮೊದಲ ಸಲ. ಅವಳು ಹತ್ತು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. “ಬಿಡಬ್ಯಾಡ ಮತ್ತ ಓದೂದು. ಗ್ವಾಡಿ ಆಚೆ ಈಗ ಯಾರು ಓದ್ತಾರ ನನಗ?” ಎಂದು ಕಣ್ಣೊರೆಸಿಕೊಂಡಳು.

ಬೆಟಗೇರಿಗೆ ಬಂದೆ. ಸತ್ಯ ಹೇಳಿದ ಮೇಲೆ ಶಾಂತಿ ಸಿಗುತ್ತದೆ ಎಂದು ಎಷ್ಟೋ ಸಲ ಚರ್ಚಿನ ಪ್ರಸಂಗದಲ್ಲಿ ಕೇಳಿದ್ದೆ. ನನಗೆ ಸಿಗಲಿಲ್ಲ. ಮುಂಡರಗಿಯ ಸುದ್ದಿ ನನಗಿಂತ ಮೊದಲು ಗದಗದ ಆಸ್ಪತ್ರೆಗಳಿಗೆ ಮುಟ್ಟಿತ್ತು. ಎರಡು ಕಡೆ ನಯವಾಗಿ ಇಲ್ಲ ಎಂದರು. ಅವ್ವ ಬೇರೆಯವರ ಮುಂದೆ, ಮಗಳಿಗೆ ಮುಂಡರಗಿಯ ಹವಾ ಹಿಡಿಸಲಿಲ್ಲ ಎಂದು ಹೇಳತೊಡಗಿದಳು. ಅಪ್ಪ ಮಾತ್ರ ಬೆಳಗಿನ ಅಧ್ಯಾಯ ಓದುವ ಕೆಲಸವನ್ನು ನನಗೆ ಕೊಟ್ಟರು. ಓದುತ್ತಿದ್ದೆ. ಮನಸ್ಸು ಆಗಲೂ ನಿಲ್ಲುತ್ತಿರಲಿಲ್ಲ, ಕೆಲಸದ ಕಡೆ ಓಡುತ್ತಿತ್ತು, ಡಂಬಳದ ಕಡೆ ಓಡುತ್ತಿತ್ತು. ಆದರೆ ದಾಟಿ ಹೋಗಬೇಕಾದ ಪುಟ ಯಾವುದೂ ಉಳಿದಿರಲಿಲ್ಲ. ಎಲ್ಲಿ ತೆರೆದರೂ ಓದಬಹುದಾಗಿತ್ತು. ಟೀಚರಿಗೆ ಇದನ್ನು ಹೇಳಿದಾಗ, “ಮತ್ತೇನು ಬೇಕವಾ ನಿನಗ?” ಎಂದರು.

ಹಿಂಗಾರಿ ಬಿತ್ತನೆ ಮುಗಿದು ಚಳಿ ಶುರುವಾದಾಗ ಹುಲಕೋಟಿಯ ಹತ್ತಿರ ಒಂದು ಕಡೆ ಕೆಲಸ ಸಿಕ್ಕಿತು. ಕೇಳುವ ಮೊದಲೇ ಅವರಿಗೆ ಎಲ್ಲ ಹೇಳಿದ್ದೆ. ಸೇರಿ ವಾರವಾಗಿರಬೇಕು, ಮಧ್ಯಾಹ್ನ ಫೋನು ಬಂತು.

“ಸಿಸ್ಟರ್, ನಾನ್ರಿ. ಡಂಬಳದಿಂದ.”

ಹುಸೇನಬಿಯ ದನಿ. ಫೋನು ಹಿಡಿದು ವಾರ್ಡಿನ ಹೊರಗೆ ಬಂದೆ. ಅವಳೇ ಹೇಳಿದಳು. ಪಕ್ಕದ ಮನೆಯವರು ಹತ್ತು ದಿನದಿಂದ ಅವಳನ್ನೇ ಎರೆಯಲು ಕರೆಯುತ್ತಿದ್ದಾರೆ. ಕೂಸಿಗೆ ನಿನ್ನೆಯಿಂದ ಮೈ ಬಿಸಿ, ಹಾಲು ಕುಡಿಯುತ್ತಿಲ್ಲ. ಈಗ ಬಸ್ಸಿನಲ್ಲಿ ಗದಗಕ್ಕೆ ಹೊರಟಿದ್ದಾರೆ. ತಾಯಿ ಹೆದರಿದ್ದಾಳೆ. ಅಲ್ಲಿ ಯಾರ ಗುರುತೂ ಇಲ್ಲ.

“ನೀವು ಬಸ್‌ ಸ್ಟ್ಯಾಂಡಿಗೆ ಬಂದು ಅವರ ಜೋಡಿ ಆಸ್ಪತ್ರಿಗೆ ಹೋಗ್ರಿ. ರಕ್ತ ಗಿಕ್ತ ತಗೀತಾರ. ನೀವು ಬಾಜೂಕ ನಿಂತು ನೋಡ್ಕೋರಿ.”

“ನಾನಾ?” ಎಂದೆ. “ಅಕ್ಕ, ಬೇರೆ ಯಾರನ್ನರ ಕೇಳಬಾರದಾ? ನನ್ನ ಮ್ಯಾಲ ನಿನಗ ನಂಬಿಕಿ ಐತಾ?”

ಆ ಕಡೆ ಕೂಸು ಸಣ್ಣಗೆ ಅಳುವುದು ಕೇಳಿಸಿತು.

“ತಪ್ಪು ಯಾರು ಬೇಕಾದ್ರೂ ಮಾಡ್ತಾರ್ರಿ ಸಿಸ್ಟರ್” ಎಂದಳು. “ನೀವು ಮಾಡಿದ್ರ ಹೇಳ್ತೀರಿ ಅಂತ ನನಗೀಗ ಗೊತ್ತೈತಿ. ಜಲ್ದಿ ಹೋಗ್ರಿ.”